ಕರಡಿ ಬಿಟ್ಟ ಮುಖ

ವ್ಯಾನಿನಿಂದ ಒಂದು ಕಾಲು ಕೆಳಗಿಟ್ಟ ಗಂಗವ್ವ ಇನ್ನೊಂದನ್ನು ಇಳಿಸಲಿಲ್ಲ. ಶವಾಗಾರದ ಗೇಟಿನ ಪಕ್ಕದ ನೆರಳಿನಲ್ಲಿ ಇಂದ್ರಾಣಿ ನಿಂತಿದ್ದಳು.

"ಆಕಿಗೆ ಯಾರು ಹೇಳಿದ್ರು?"

"ನಾನs," ಎಂದಳು ಮಗಳು ಮಾಧುರಿ. "ಅಪ್ಪನ ಸೋದರತ್ತಿ ಮಗಳು. ಹೇಳದಿದ್ರ ಹೆಂಗ? ಅಬುಧಾಬಿಯಿಂದ ಬಂದಾರ. ಪ್ಲೀಸ್ ಅವ್ವಾ, ಇವತ್ತೊಂದಿನ ಬ್ಯಾಡ."

"ನಾ ಏನಂದೆ ಈಗ?"

"ಏನೂ ಅಂದಿಲ್ಲ. ಇಳಿ."

ಗಂಗವ್ವ ಇಳಿದಳು. ಅವಳ ಗಂಡ ಪರಸಪ್ಪ ಮೊನ್ನೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಅಲ್ಯೂಮಿನಿಯಂ ಕಿಟಕಿ ಕಾರ್ಖಾನೆಯಲ್ಲಿ ಊಟಕ್ಕೆ ಕೂತಲ್ಲೇ ವಾಲಿದ್ದ. ಹೃದಯಾಘಾತ, ಅವನಿಗೆ ಐವತ್ತಮೂರು ವರ್ಷ. ಈಗ ಮುಖ ನೋಡುವುದು, ಆಮೇಲೆ ಪೆಟ್ಟಿಗೆ ಮುಚ್ಚಿ ಇಂದಿನ ವಿಮಾನಕ್ಕೆ ಏರಿಸುವುದು. ಬೆಂಗಳೂರಿನಿಂದ ಕನಕಗಿರಿ ಕಡೆಯ ಅವನ ಊರಿಗೆ ಆಂಬುಲೆನ್ಸ್.

ಇದನ್ನೆಲ್ಲ ಓಡಾಡಿ ಮಾಡಿಸಿದವರು ಶಾಹುಲ್ ಹಮೀದ್. ಮಂಗಳೂರು ಕಡೆಯವರು. ಇಲ್ಲಿ ಸತ್ತವರನ್ನು ಊರಿಗೆ ತಲುಪಿಸುವ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಾರೆ.

"ನಿಮ್ಮ ಮೈದುನ ಫೋನ್ ಮಾಡಿದ್ರು ಅಕ್ಕ," ಎಂದರು. "ನಾಳೆ ಹೊತ್ತು ಮುಳುಗುವ ಮೊದಲು ಮಣ್ಣು ಮಾಡಿ ಎಲ್ಲರೂ ಮನೆ ಸೇರ್ಬೇಕಂತೆ. ಕತ್ತಲಾದ್ರೆ ಕರಡಿ ಬರ್ತದೆ ಅಂದ್ರು. ತಮಾಷೆ ಮಾಡ್ತಿದ್ದಾರಾ ಅಂತ ಗೊತ್ತಾಗ್ಲಿಲ್ಲ."

"ತಮಾಷೆ ಅಲ್ರೀ ಅಣ್ಣಾ. ಸುಡಗಾಡು ಗುಡ್ಡದ ಬುಡಕ್ಕ ಐತಿ. ಅವು ಇಳಿಯೂ ದಾರಿ ಅದು."

* * *

ಆ ಊರಿನ ಬೆನ್ನಿಗೆ ಬರೀ ಬಂಡೆಗಳ ಗುಡ್ಡ. ಬಂಡೆ ಸಂದಿನ ಗವಿಗಳಲ್ಲಿ ಕರಡಿಗಳು. ಗೆದ್ದಲು, ಕಾರೆಹಣ್ಣು, ಸೀತಾಫಲ ತಿಂದುಕೊಂಡಿದ್ದು, ಶೇಂಗಾ ಬಲಿತಾಗ ಹೊಲಕ್ಕೆ ಇಳಿಯುತ್ತವೆ. ಊರವರು ಅದಕ್ಕೆ ತಕ್ಕಂತೆ ಬದುಕು ಹೊಂದಿಸಿಕೊಂಡಿದ್ದರು. ನಸುಕಿನಲ್ಲಿ ಬಯಲಿಗೆ ಹೋಗುವ ಹೆಂಗಸರು ಗುಂಪು ಕಟ್ಟಿ, ಬೇಕೆಂದೇ ಜೋರಾಗಿ ಮಾತಾಡುತ್ತ ಹೋಗುತ್ತಿದ್ದರು. ಒಬ್ಬಳೇ ಹೋಗಬೇಕಾಗಿ ಬಂದರೆ ತಂಬಿಗೆಗೆ ಕಲ್ಲು ಬಡಿಯುತ್ತಿದ್ದಳು. ಎದುರಾದರೆ ಓಡಬಾರದು, ಮಕಾಡೆ ಬಿದ್ದು ಮುಖವನ್ನು ಮಣ್ಣಿಗೆ ಒತ್ತಬೇಕು. ಕರಡಿ ಎದ್ದು ನಿಂತು ಮೊದಲು ಬಡಿಯುವುದೇ ಮುಖಕ್ಕೆ. ಇದು ಅಲ್ಲಿನ ಮಕ್ಕಳಿಗೂ ಗೊತ್ತು.

ಒಂದು ನಸುಕಿನಲ್ಲಿ ಇಂದ್ರಾಣಿ ಒಬ್ಬಳೇ ಹೋದಳು. ಬೆನ್ನ ಮೇಲೆ ಮರಿ ಹೊತ್ತ ಕರಡಿ ಕಂಡಿತು. ಓಡಿದಳು. ರಾತ್ರಿಯ ಹೊಲದ ಕಾವಲು ಮುಗಿಸಿ ಬರುತ್ತಿದ್ದ ಪರಸಪ್ಪ ನಡುವೆ ಬಂದ. ಅವನು ಮಕಾಡೆ ಬೀಳಲಿಲ್ಲ. ಬಿದ್ದಿದ್ದರೆ ಕರಡಿ ಅವನನ್ನು ದಾಟಿ ಅವಳ ಬೆನ್ನು ಹತ್ತುತ್ತಿತ್ತು. ಕೋಲು ಹಿಡಿದು ನಿಂತ.

ಎಡಗಣ್ಣಿನ ಕೆಳಗಿನಿಂದ ದವಡೆಯವರೆಗೆ ಕೆನ್ನೆ ಹರಿದುಹೋಯಿತು. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಹೊಲಿದರು. ಹೊಲಿಗೆ ಮಾಗಿದ ಮೇಲೆ ಅಲ್ಲೊಂದು ಆಳದ ಗೆರೆ ಉಳಿಯಿತು. ಇಂದ್ರಾಣಿಯನ್ನು ಪರಸಪ್ಪನಿಗೇ ಕೊಡುವುದೆಂದು ಅಲ್ಲಿಯವರೆಗೆ ಮಾತಾಗಿತ್ತು. ಅವಳ ಮನೆಯವರು ಒಂದು ಸುಗ್ಗಿ ಕಾದು, ಇಂಜಿನಿಯರ್ ಶಿವಪ್ರಸಾದನಿಗೆ ಕೊಟ್ಟರು. ಪರಸಪ್ಪನಿಗೆ ಪಕ್ಕದೂರಿನ ಗಂಗವ್ವನನ್ನು ತಂದರು.

"ಗಂಗಿಗೆ ಗಂಡನ್ನ ಹುಡುಕಿ ಕೊಟ್ಟಿದ್ದು ಕರಡಿ ನೋಡು," ಎಂದು ಅರಿಷಿಣ ಹಚ್ಚುವಾಗಲೇ ಯಾರೋ ನಗಾಡಿದರು. ಗಂಗವ್ವನೂ ನಕ್ಕಳು. ಆದರೆ ಆ ಗೆರೆಯನ್ನು ನೋಡಿದಾಗಲೆಲ್ಲ ಅವಳಿಗೆ ಇಂದ್ರಾಣಿ ನೆನಪಾಗತೊಡಗಿದಳು.

ಒಮ್ಮೆ ಗಂಡನನ್ನು ಕೇಳಿಯೂಬಿಟ್ಟಳು: "ನಾ ಓಡಿದ್ರ ಹಂಗ ನಿಲ್ತಿದ್ರೇನು?"

"ನೀ ಓಡಾಕಿ ಅಲ್ಲ ಬಿಡು," ಎಂದ.

ಅದು ಹೊಗಳಿಕೆಯೋ ಜಾರಿಕೊಂಡದ್ದೋ ಅವಳಿಗೆ ಕೊನೆಗೂ ಬಗೆಹರಿಯಲಿಲ್ಲ. ದುಬೈಗೆ ಬಂದ ಮೇಲೆ ಯುಗಾದಿಯ ಊಟಗಳಲ್ಲಿ ಇಂದ್ರಾಣಿ ಎದುರಾಗುತ್ತಿದ್ದಳು. ಅವಳೆದುರು ಪರಸಪ್ಪ ತುಸು ಓರೆಯಾಗಿ, ಬಲಗೆನ್ನೆ ತೋರಿಸಿ ಕೂರುತ್ತಿದ್ದ. ಗಂಗವ್ವ ಎಡಕ್ಕೆ ಕೂತು ಹೋಳಿಗೆ ಮುರಿಯುತ್ತ ಅದನ್ನೇ ನೋಡುತ್ತಿದ್ದಳು. ಆಕೆಗೆ ಚಲೋ ಕಡೆ, ನನಗೆ ಹರಿದ ಕಡೆ.

* * *

ಕಾಯುವ ಕೋಣೆಯಲ್ಲಿ ಎರಡು ಬೆಂಚುಗಳಿದ್ದವು. ಇಂದ್ರಾಣಿ ಒಂದರಲ್ಲಿ ಕೂತಿದ್ದರಿಂದ ಗಂಗವ್ವ ಇನ್ನೊಂದರಲ್ಲಿ ಕೂತಳು. ಪಕ್ಕಕ್ಕೆ ಬಂದು ಕೂತವನು ಫ್ಲಾಯ್ಡ್, ಕಾರ್ಖಾನೆಯಲ್ಲಿ ಪರಸಪ್ಪನ ಕೈಕೆಳಗೆ ಕೆಲಸ ಕಲಿತವನು.

"ಒಂದು ಹೇಳ್ಲಾ ಅಕ್ಕ? ಬೇಜಾರು ಮಾಡ್ಬಾರ್ದು."

"ಹೇಳಪಾ."

"ಹೊಸಬರು ಯಾರಾದ್ರೂ ಬಂದು, ಅಣ್ಣ, ಮುಖಕ್ಕೆ ಎಂತಾಯ್ತು ಅಂತ ಕೇಳ್ತಾರಲ್ಲ. 'ರೊಟ್ಟಿ ದಪ್ಪ ಆಗ್ಯಾವ ಅಂದೆ, ಮನಿಯಾಕಿ ಪರಚಿದ್ಲು' ಅಂತ ಹೇಳ್ತಿದ್ರು ಅವ್ರು. ನಗಾಡುದೂ ಇಲ್ಲ. ನಾನು ಸುಮಾರು ಸಮಯ ನಂಬಿದ್ದೆ ಮಾರಾಯ್ರೆ. ನಿಮ್ಮ ಮನೆಗೆ ಊಟಕ್ಕೆ ಬಂದಾಗ ರೊಟ್ಟಿ ಬಗ್ಗೆ ಮಾತೇ ಎತ್ತಲಿಲ್ಲ, ನೆನಪುಂಟಾ?"

"ಕರಡಿ ಅಂತ ಹೇಳಿರಲಿಲ್ಲೇನು?"

"ಕರಡಿಯಾ? ಯಾವ ಕರಡಿ?"

ಗಂಗವ್ವ ಕತ್ತೆತ್ತಿ ನೋಡಿದಳು. ಎದುರು ಬೆಂಚಿನಲ್ಲಿ ಇಂದ್ರಾಣಿ ತಲೆ ತಗ್ಗಿಸಿ ಕರವಸ್ತ್ರ ಮಡಚುತ್ತಿದ್ದಳು. ಅವಳಿಗೆ ಕೇಳಿಸಿತ್ತು. ಕೇಳಿಸಲಿ ಎಂದುಕೊಂಡು ಗಂಗವ್ವ, "ಇನ್ನೊಮ್ಮೆ ಹೇಳಪಾ, ಏನಂತಿದ್ರು?" ಎಂದು ಕೇಳಿದಳು. ಫ್ಲಾಯ್ಡ್ ಇನ್ನೊಮ್ಮೆ ಹೇಳಿದ.

ಅಷ್ಟರಲ್ಲಿ ಶಾಹುಲ್ ಹಮೀದ್ ಬಾಗಿಲು ತೆರೆದರು. "ಬನ್ನಿ. ತುಂಬ ಚೆಂದ ಮಾಡಿದ್ದಾರೆ ಅಕ್ಕ. ಸ್ವಲ್ಪ ಬೇಗ ಆಗ್ಬೇಕು, ಬೇರೆಯವರೂ ಕಾಯ್ತಿದ್ದಾರೆ."

ಒಳಗೆ ತಣ್ಣಗಿತ್ತು. ಗಂಗವ್ವ ಪೆಟ್ಟಿಗೆಯ ಎಡಬದಿಗೆ ನಡೆದು ಬಗ್ಗಿ ನೋಡಿ, ತಟ್ಟನೆ ಹಿಂದೆ ಸರಿದಳು.

"ಇವರಲ್ಲ. ಬ್ಯಾರೆಯವರ್ನ ತಂದೀರಿ."

ಎಡಗೆನ್ನೆ ನುಣ್ಣಗಿತ್ತು. ಗೆರೆ ಇರಲಿಲ್ಲ.

"ಅಪ್ಪನs ಅವ್ವಾ," ಎಂದಳು ಮಾಧುರಿ. "ಗೆರಿ ಮುಚ್ರಿ ಅಂತ ನಾನs ಹೇಳಿದ್ದೆ. ಮೇಣ ತುಂಬಿ ಬಣ್ಣ ಹಚ್ಚತಾರ. ಊರಾಗ ಎಲ್ಲಾರೂ ನೋಡ್ತಾರಲ್ಲಾ, ಚಲೋ ಕಾಣಲಿ ಅಂತ. ಗಾಯ ಆಗೂ ಮೊದಲಿನ ಫೋಟೋ ಕೇಳಿದ್ರು. ನಮ್ಮ ಕಡೆ ಇರಲಿಲ್ಲ."

"ಮತ್ತ?"

ಮಾಧುರಿಯ ಕಣ್ಣು ಪೆಟ್ಟಿಗೆಯ ಆಚೆಗೆ ಹೋಯಿತು. ಪೆಟ್ಟಿಗೆಯ ಬಲಬದಿಯಲ್ಲಿ ಇಂದ್ರಾಣಿ ಸೆರಗು ಬಾಯಿಗಿಟ್ಟುಕೊಂಡಿದ್ದಳು.

"ಹಿಂಗs ಇದ್ದ ಮಾವ," ಎಂದಳು ಸಣ್ಣ ದನಿಯಲ್ಲಿ. "ಅವತ್ತಿನ ತನಕ ಹಿಂಗs ಇದ್ದ."

ಗಂಗವ್ವ ಆ ಮುಖವನ್ನು ಮತ್ತೆ ನೋಡಿದಳು. ಚೆಲುವ ಗಂಡಸು. ಇಂದ್ರಾಣಿಗೆ ಗುರುತು ಸಿಕ್ಕಿತ್ತು, ತನಗೆ ಸಿಕ್ಕಿರಲಿಲ್ಲ. ಈ ಮುಖವೇ ಊರಿಗೆ ಹೋಗುತ್ತದೆ, ಈ ಮುಖಕ್ಕೇ ನಾಳೆ ಮಣ್ಣು ಹಾಕುತ್ತಾರೆ.

ಅವಳು ಹೆಬ್ಬೆರಳನ್ನು ಎಡಗಣ್ಣಿನ ಕೆಳಗೆ ಇಟ್ಟು ಒತ್ತಿದಳು.

"ಅಕ್ಕ, ಮುಟ್ಬೇಡಿ, ಹಾಳಾಗ್ತದೆ," ಎಂದರು ಶಾಹುಲ್ ಹಮೀದ್.

"ಆಗಲಿ ಬಿಡ್ರಿ. ಇವ ಯಾರೋ. ನನ್ನ ಗಂಡನ್ನ ನನಗ ಕೊಡ್ರಿ."

"ಅವ್ವಾ, ಸ್ಟಾಪ್ ಇಟ್," ಎಂದು ಮಾಧುರಿ ಅವಳ ಮೊಣಕೈ ಹಿಡಿದಳು. ಫ್ಲಾಯ್ಡ್ ನಿಧಾನವಾಗಿ ಆ ಕೈಯನ್ನು ಬಿಡಿಸಿದ.

ಚರ್ಮದ ಬಣ್ಣದ ಮೇಣ ಚೂರುಚೂರಾಗಿ ಎದ್ದುಬಂತು. ಗಂಗವ್ವ ಅವಸರ ಮಾಡಲಿಲ್ಲ. ಇಲ್ಲಿನ ಏಸಿ ಗಾಳಿಗೆ ಆ ಗೆರೆ ಬಿರಿಯುತ್ತಿತ್ತು. ದಿನಾ ಮಲಗುವ ಮೊದಲು ಅವನು ಟಿವಿ ನೋಡುತ್ತಲೇ ಎಡಗೆನ್ನೆಯನ್ನು ಅವಳತ್ತ ತಿರುಗಿಸುತ್ತಿದ್ದ. ಅವಳು ಎಣ್ಣೆ ಸವರುತ್ತಿದ್ದಳು. ಎಲ್ಲಿ ಆಳ, ಎಲ್ಲಿ ತಿರುವು, ಎಲ್ಲಿ ಒಂದು ಹೊಲಿಗೆ ತಪ್ಪಿ ಗಂಟಾಗಿದೆ, ಬೆರಳಿಗೆ ಗೊತ್ತಿತ್ತು. ಕಣ್ಣಿನಿಂದ ದವಡೆಯವರೆಗೆ ಗೆರೆ ಪೂರ್ತಿ ತೆರೆದುಕೊಂಡಾಗ ತಲೆಯೆತ್ತಿದಳು.

"ಇಂದ್ರಾಣಿ, ಅಲ್ಲಿಂದ ಏನು ಕಾಣ್ತೈತಿ? ಈ ಕಡಿ ಬಾ."

ಇಂದ್ರಾಣಿ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಒಂದು ಹೆಜ್ಜೆ ಇಟ್ಟಳು. ಮತ್ತೆ ಬಲಬದಿಯಲ್ಲೇ ನಿಂತಳು.

ಶಾಹುಲ್ ಹಮೀದ್ ಗಡಿಯಾರ ನೋಡಿ ಕೈಸನ್ನೆ ಮಾಡಿದರು. ಇಬ್ಬರು ಕೆಲಸಗಾರರು ಮುಚ್ಚಳ ಎತ್ತಿ ಕಾಲಿನ ಕಡೆಯಿಂದ ಇಳಿಸುತ್ತ ಬಂದರು. ಎದೆ ಮುಚ್ಚಿತು, ಕೊರಳು ಮುಚ್ಚಿತು. ಗಂಗವ್ವನ ಹೆಬ್ಬೆರಳು ಇನ್ನೂ ಆ ಗೆರೆಯೊಳಗೇ ಇತ್ತು. ಮುಚ್ಚಳ ಅವಳ ಮಣಿಕಟ್ಟಿಗೆ ಬಂದು ತಾಗಿ ನಿಂತಿತು.