ಗಡಿಗೆ ಮುಚ್ಚಿದವಳ ಬಣ್ಣ

೧
ಹೇಗೆ ಶುರು ಮಾಡಲಿ? ‘ಆಂಜಿನಮ್ಮ ಕಪ್ಪಾದರೂ ಲಕ್ಷಣವಾಗಿದ್ದಳು’ ಎಂದು ಬರೆದೆ. “ಅದೇನ್ರೀ ‘ಆದರೂ’?” ಎಂದು ಅವಳೇ ಜಗಳಕ್ಕೆ ಬಂದಳು. ಆ ಸಾಲನ್ನು ಹೊಡೆದು ಹಾಕಿದೆ. (ಓದುಗರೇ, ಮೊದಲ ಸಾಲಿನಲ್ಲೇ ಕಥೆಗಾರನಿಗೆ ಸಿಕ್ಕ ಮರ್ಯಾದೆ ಇಷ್ಟು.)

೨
೧೯೮೪, ಮಧುಗಿರಿ. ಹಳ್ಳಿಗಳಲ್ಲಿ ತೋರಿಸಲು ಆರೋಗ್ಯದ ಕಾರ್ಟೂನ್ ಸಿನಿಮಾ ಮಾಡುತ್ತಿದ್ದ ಒಂದು ಸಣ್ಣ ಘಟಕ. ಅಪ್ಪನ ಜೊತೆ ನಾಟಕದ ಪರದೆ ಬರೆದು ಕೈ ಪಳಗಿದ್ದ ಬಲಸಮುದ್ರದ ಆಂಜಿನಮ್ಮ ಅಲ್ಲಿ ಬಣ್ಣ ತುಂಬುವ ಕೆಲಸಕ್ಕೆ ಸೇರಿದ್ದಳು. ಗಾಜಿನಂಥ ಹಾಳೆಯ ಮೇಲೆ ಗೆರೆ, ಹಿಂಬದಿಗೆ ಬಣ್ಣ. ಗೊಂಬೆ ನಾಲ್ಕು ಹೆಜ್ಜೆ ನಡೆಯಬೇಕಾದರೆ ರಾಶಿ ಹಾಳೆ ಬಳಿಯಬೇಕು.

ಸಿನಿಮಾದಲ್ಲಿ ಇಬ್ಬರು ಹೆಂಗಸರು. ಒಬ್ಬಳು ನೀರಿನ ಗಡಿಗೆ ಮುಚ್ಚಿಡುತ್ತಾಳೆ. ಇನ್ನೊಬ್ಬಳು ಮುಚ್ಚುವುದಿಲ್ಲ, ಅವಳ ಮಗು ಕಾಯಿಲೆ ಬೀಳುತ್ತದೆ. ಮುಚ್ಚುವವಳಿಗೆ ಗುಲಾಬಿ, ಮುಚ್ಚದವಳಿಗೆ ಕಪ್ಪು ಎಂದು ಮುಖ್ಯಸ್ಥ ನಂದೀಶ್ವರಯ್ಯ ಹೇಳಿದ್ದರು. ಆಂಜಿನಮ್ಮ ಹಾಗೇ ಬಳಿಯುತ್ತಾ ಹೋದಳು.

ಒಂದು ದಿನ ಅವ್ವ ಕೊಲ್ಲಾಪುರಮ್ಮ ಮಗಳನ್ನು ನೋಡಲು ಬಂದವಳು ಒಣಹಾಕಿದ್ದ ಹಾಳೆಗಳ ಮುಂದೆ ನಿಂತಳು.

“ಏಮೇ ಆಂಜಿ, ಈ ಕರಿಯವಳು ನಾನೇ ಅಲ್ವೇನೇ?” ಎಂದು ನಕ್ಕಳು. ಆಮೇಲೆ ಮೆಲ್ಲಗೆ, “ಆದ್ರೆ ನಾನು ಗಡಿಗೆ ಮುಚ್ತೀನಲ್ಲೇ?”

ಆಂಜಿನಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

೩
“ಸಾರ್, ಮುಚ್ಚಳಕ್ಕೂ ಮೈಬಣ್ಣಕ್ಕೂ ಏನು ಸಂಬಂಧ?”

“ಒಳ್ಳೇಳು ಯಾರು ಅಂತ ಜನಕ್ಕೆ ನೋಡಿದ ತಕ್ಷಣ ಗೊತ್ತಾಗ್ಬೇಕಮ್ಮ,” ಎಂದರು ನಂದೀಶ್ವರಯ್ಯ.

“ಹಂಗಾದ್ರೆ ನಾನು ಯಾವೋಳು?”

“ನೀನು ಬಿಡಮ್ಮ, ಆರ್ಟಿಸ್ಟು.”

(ಇವರನ್ನು ಬೆಳ್ಳಗೆ ಮಾಡಿದ್ದರೆ ಕಥೆಗೆ ಅನುಕೂಲವಾಗುತ್ತಿತ್ತು. ಏನು ಮಾಡಲಿ, ಅವರೂ ಕಪ್ಪೇ. ಮುಖಕ್ಕೆ ಬಳಿದ ಪೌಡರ್ ಕೊರಳಿನ ಹತ್ತಿರ ನಿಂತುಹೋಗಿತ್ತು. ಅದನ್ನು ಕಂಡೇ ಅವಳ ಸಿಟ್ಟು ಇಮ್ಮಡಿಯಾಯಿತು.)

ಅವರು ಮೀಟಿಂಗಿಗೆಂದು ಬೆಂಗಳೂರಿಗೆ ಹೋದ ವಾರ, ಆಂಜಿನಮ್ಮ ಉಳಿದ ಹಾಳೆಗಳಲ್ಲಿ ಗಡಿಗೆ ಮುಚ್ಚುವವಳಿಗೆ ಅವ್ವನ ಬಣ್ಣ ಬಳಿದಳು. ಹಳೆಯ ಹಾಳೆಗಳ ಚಿತ್ರೀಕರಣ ಆಗಲೇ ಮುಗಿದಿತ್ತು. ಕ್ಯಾಮೆರಾದವನು ಕೊಟ್ಟದ್ದನ್ನು ಹಿಡಿದ. ಮದ್ರಾಸಿನಲ್ಲಿ ತೊಳೆದ ರೀಲು ಮೊದಲ ಪ್ರದರ್ಶನಕ್ಕೆಂದು ನೇರವಾಗಿ ಹೊಳವನಹಳ್ಳಿಗೆ ಬಂತು.

೪ (ಮೂರು ಸಲ ಬರೆದದ್ದು)
ಮೊದಲ ಸಲ: ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಸುಳ್ಳು ಬರೀಬ್ಯಾಡ್ರಿ,” ಎಂದಳು ಆಂಜಿನಮ್ಮ.

ಎರಡನೇ ಸಲ: ನಂದೀಶ್ವರಯ್ಯ ಕೈಮುಗಿದರು. “ಅವರಾ? ನಾಳೆಯಿಂದ ಬರಬೇಡ ಅಂದ್ರು!” ಎಂದಳು.

ಸರಿ, ನಡೆದದ್ದೇ ಹೇಳುತ್ತೇನೆ. ಶಾಲೆಯ ಗೋಡೆಯ ಮೇಲೆ ಗುಲಾಬಿ ಹೆಂಗಸು ಬಾವಿಗೆ ಹೋದಳು, ಕಪ್ಪಗಾಗಿ ಹಿಂತಿರುಗಿದಳು.

“ಬಿಸ್ಲಲ್ಲಿ ನೀರು ಹೊತ್ಳಲ್ಲ, ಬೆಂದೋದ್ಲು ಕಣ್ಲಾ!” ಎಂದು ಯಾರೋ ಕೂಗಿದರು. ಇಡೀ ಊರು ಬಿದ್ದು ಬಿದ್ದು ನಕ್ಕಿತು.

ಆಂಜಿನಮ್ಮ ದಡದಡನೆ ಹೋಗಿ ಗೋಡೆಯ ಮುಂದೆ ನಿಂತಳು. ಬೆಳಕೆಲ್ಲ ಅವಳ ಮೈಮೇಲೆ ಬಿತ್ತು.

“ಯಾಕ್ರೋ ನಗ್ತೀರಾ? ಗಡಿಗೆ ಮುಚ್ಚಲಿಲ್ವಾ ಅವಳು? ಕಣ್ಣಿಗೆ ಅದು ಕಾಣಲಿಲ್ವಾ?”

ನಗು ನಿಂತಿತು. ಮುಂದೆ ಕೂತಿದ್ದ ಮುದುಕಿಯೊಬ್ಬಳು ಹೇಳಿದಳು: “ಮುಚ್ಚಿದ್ಲು ಕಣಮ್ಮ, ನಾ ಕಂಡೆ. ಈಗ ಸರ್ಕೋ. ಆ ಇನ್ನೊಬ್ಬಳ ಮಗು ಏನಾಯ್ತೋ ನೋಡ್ಬೇಕು.”

೫
ಮಗು ಉಳಿಯಿತೇ? ಇವಳಿಗೆ ಬೇರೆ ಕೆಲಸ ಸಿಕ್ಕಿತೇ? ನನ್ನನ್ನು ಕೇಳಬೇಡಿ. ರೀಲು ಓಡುತ್ತಲೇ ಇದೆ, ಆಂಜಿನಮ್ಮ ಇನ್ನೂ ಸರಿದಿಲ್ಲ.