ಗುಂಡು ಹಾರದ ನಲವತ್ತು ಪುಟ

ಯುದ್ಧಕಾಲೇ ವಸ್ತ್ರಾಭ್ಯಾಸ — ಪಕ್ಕದ ಕೋಣೆಯ ಹೊಲಿಗೆ ಯಂತ್ರ ಟಕಟಕ ಎಂದಾಗಲೆಲ್ಲ ಇದು ತಾನಾಗಿ ನಾಲಿಗೆಗೆ ಬರುತ್ತದೆ, ಗಾದೆ ಕೆಡಿಸುವುದು ನನ್ನ ಹುಟ್ಟುಗುಣ, ಸುಟ್ಟರೂ ಹೋಗದು, ಆದರೆ ಮುಂದಿನದು ಕೆಡಿಸದ ಕಥೆ, ಅಪ್ಪಟ ನಿಜ, ಯಾರಿಗೆ ಹೇಳುತ್ತಿದ್ದೇನೆ, ನನಗೇ, ನೂರ ಹನ್ನೆರಡನೇ ಪುಟದಲ್ಲಿ ಬೆರಳು ಸಿಕ್ಕಿಸಿಕೊಂಡು, ಅತ್ತಿಗೆ ಅಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದಾರೆ, ಆಗಲೂ ಹೊಲಿಯುತ್ತಿದ್ದರು, ಮೂವತ್ತೆರಡು ವರ್ಷದ ಹಿಂದೆ, ಅಣ್ಣ ಗಡಿಯಲ್ಲಿ, ನಾನು ಕಾಲೇಜಿನ ಎರಡನೇ ವರ್ಷ, ಇದೇ ಯುದ್ಧದ ಕಾದಂಬರಿ, ಇದೇ ಪ್ರತಿ, ಅತ್ತಿಗೆ ಅಂದರು, ಲೋ, ನನ್ನ ಕೈ ಕಣ್ಣು ಎರಡೂ ಬಟ್ಟೆ ಮೇಲಿರುತ್ತೆ, ನೀನೇ ಓದಿ ಹೇಳು, ಅಲ್ಲಿ ಹೇಗಿರ್ತಾರೆ ಅಂತ ಗೊತ್ತಾಗ್ಲಿ, ಓದಿದೆ — ಓದಿದೆನೇ, ಆಡಿದೆ, ಮೇಜರನಿಗೆ ನಮ್ಮ ಪ್ರಿನ್ಸಿಪಾಲರ ಗಂಟಲು, ಶತ್ರುವಿಗೆ ಮನೆ ಮಾಲೀಕನ ಕೊಂಕು, ಫಿರಂಗಿಗೆ ತಾತನ ಸೀನು, ಗುಂಡು ಹಾರುವ ಪುಟಗಳಲ್ಲಿ ಮನೆ ನಡುಗಿಸಿದೆ, ಗುಂಡು ಹಾರದ ಪುಟಗಳನ್ನು ನಾನೇ ಹಾರಿಸಿದೆ, ನೂರ ಹನ್ನೆರಡರಿಂದ ನೂರ ಐವತ್ತೊಂದು, ಮಿಮಿಕ್ರಿಗೆ ಒದಗದ ಬರೀ ಸಪ್ಪೆ, ಅತ್ತಿಗೆ ಕೇಳಿದರು, ಅಲ್ಲ ಕಣೋ, ಇವರು ಬಟ್ಟೆ ಗಿಟ್ಟೆ ಒಗೆಯೋದು, ಸುಮ್ನೆ ಕೂತ್ಕೊಳ್ಳೋದು, ಅದೆಲ್ಲ ಬರೆದಿಲ್ವಾ, ನಾನು ಮೇಜರನ ಗಂಟಲಲ್ಲಿ, ರಣರಂಗದಲ್ಲಿ ಒಗೆತಕ್ಕೆ ರಜೆ ತಾಯೀ, ಅವರು ಅರ್ಧ ನಕ್ಕರು, ಯಂತ್ರದ ಚಕ್ರ ಬಟ್ಟೆಯಿಲ್ಲದೆ ಸುಮ್ಮನೆ ಒಂದು ಸುತ್ತು ತಿರುಗಿತು, ಎರಡು ತಿಂಗಳಿಗೆ ತಂತಿ ಬಂತು, ಅಣ್ಣ ಬರಲಿಲ್ಲ.

ಮೊನ್ನೆ ಕಪಾಟು ಒರೆಸುವಾಗ ಪುಸ್ತಕ ಕೈಗೆ ಸಿಕ್ಕಿ, ಹಾರಿಸಿದ್ದಲ್ಲೇ ತೆರೆದುಕೊಂಡಿತು, ಅಲ್ಲೊಬ್ಬ ಸಿಪಾಯಿ, ಇರುವ ಒಂದೇ ಜೊತೆ ಕಾಲುಚೀಲ ಒಗೆದು ಮುಳ್ಳುತಂತಿಗೆ ಹಾಕಿ ಬರಿಗಾಲಲ್ಲಿ ಕಾಯುತ್ತಾನೆ, ಎದ್ದು ಮುಟ್ಟುತ್ತಾನೆ, ಇನ್ನೂ ಹಸಿ, ಹೆಂಡತಿಗೆ ಕಾಗದ, ಇಲ್ಲಿ ಎಲ್ಲ ಕ್ಷೇಮ, ಮತ್ತೆ ಮುಟ್ಟುತ್ತಾನೆ, ಇನ್ನೂ ಹಸಿ, ಒಣಗುವ ಮೊದಲೇ ಕರೆ ಬಂದರೆ — ಅಷ್ಟೇ, ಸಾವಿನ ಹೆಸರೆತ್ತದೆ ನಲವತ್ತು ಪುಟ, ಆಗ ಆಕಳಿಸಿದವನು ಈಗ ಹಾಳೆ ಮಗುಚಲು ಹೆದರುತ್ತೇನೆ, ಫಿರಂಗಿಯ ಪುಟಗಳೆಲ್ಲ ಪಟಾಕಿ ಅನ್ನಿಸುತ್ತವೆ, ಪುಸ್ತಕ ಬೆಳೆಯಿತೋ ನಾನು ಬೆಳೆದೆನೋ, ಅತ್ತಿಗೆ ಕೇಳಿದ್ದು ಇದನ್ನೇ, ಅಣ್ಣ ಹೇಗೆ ಸಾಯಬಹುದು ಎಂಬುದನ್ನು ದಿನಾ ಸದ್ದು ಸಮೇತ ಆಡಿ ತೋರಿಸಿದೆ, ಹೇಗೆ ಬದುಕಿರಬಹುದು ಎಂಬುದನ್ನು ಮುಚ್ಚಿಟ್ಟೆ, ಹೇಳಿಬಿಡಬೇಕು, ಇವತ್ತೇ, ಕ್ಷಮಿಸದಿದ್ದರೆ ಬೇಡ, ಹೊಸ್ತಿಲಲ್ಲಿ ನಿಂತೆ, ಅತ್ತಿಗೆ, ಒಂದು ಮಾತು, ಹೇಳು, ಕಿವಿ ಖಾಲಿ ಇದೆ, ಪುಸ್ತಕ ಬಿಚ್ಚಿ ಓದತೊಡಗಿದೆ, ಯಾರ ಗಂಟಲೂ ಇಲ್ಲ, ನನ್ನದೇ ಒಡಕಲು, ಸಿಪಾಯಿ ಸಾಬೂನಿನ ಕೊನೆಯ ಚೂರನ್ನು — ಎರಡು ಮಾಡಿ ಒಂದನ್ನು ನಾಳೆಗೆ ಎತ್ತಿಟ್ಟ — ಇದು ನನ್ನ ದನಿಯಲ್ಲ, ಅತ್ತಿಗೆಯದು, ಸೂಜಿಯಿಂದ ಕಣ್ಣೆತ್ತದೆ, ನಾಳೆ ಎನ್ನುವುದೊಂದು ಇದೆ ಎಂಬಂತೆ, ಒಂದಕ್ಷರ ತಪ್ಪಿಲ್ಲ, ನೀನು ಕಾಲೇಜಿಗೆ ಹೋದ್ಮೇಲೆ ಓದ್ಕೋತಿದ್ದೆ ಕಣೋ, ಪುಟದ ಗುರುತು ಕಪ್ಪೆ ಥರ ಹಾರಿದ್ರೆ ನಂಗೊತ್ತಾಗಲ್ವಾ, ಮತ್ತೆ ಬೈಲಿಲ್ಲ ಯಾಕೆ ಅತ್ತಿಗೆ, ಬೈದಿದ್ರೆ ನೀನು ಆ ಪುಟಗಳನ್ನೂ ಪ್ರಿನ್ಸಿಪಾಲರ ಗಂಟಲಲ್ಲಿ ಓದ್ತಿದ್ದೆ, ಅದೊಂದು ನಂಗೊಬ್ಬಳಿಗೇ ಇರ್ಲಿ ಅಂತ ಬಿಟ್ಟೆ, ನಿಮ್ಮಣ್ಣ ಮನೇಲಿ ಒಂದು ಕರ್ಚೀಫು ಹಿಂಡಿದೋರಲ್ಲ, ಅಲ್ಲಿ ಕುಕ್ಕರಗಾಲಲ್ಲಿ ಕೂತು ಕಾಲುಚೀಲ ಉಜ್ಜಿ, ತಂತಿಗೆ ಹಾಕೋಕೆ ಹೋಗಿ ಚುಚ್ಚಿಸ್ಕೊಂಡು, ಆ ಸಾಬೂನು ಬೆರಳನ್ನೇ ಬಾಯಿಗಿಟ್ಕೊಂಡು ಮುಖ ಹುಳ್ಳಗೆ ಮಾಡ್ತಾರೆ, ಓದಿದಾಗಲೆಲ್ಲ ನಂಗೆ ಅದೇ ಕಾಣೋದು, ಅದೇ, ಅದೇ ಬೆರಳು, ಎನ್ನುತ್ತ ನಗುತ್ತಾರೆ, ಯಂತ್ರ ನಿಂತಿದೆ, ಕನ್ನಡಕ ಜಾರಿದೆ, ನನಗೂ ಈಗ ಆ ಬೆರಳೇ, ನೊರೆ ಹತ್ತಿದ್ದು, ಬಾಯಲ್ಲಿ, ಅತ್ತಿಗೆ ನಗುತ್ತಲೇ ಇದ್ದಾರೆ, ಗೋಡೆಯಾಚೆಗೆ ಕೇಳುವಷ್ಟು ಜೋರಾಗಿ, ಆ ಬೆರಳು —