ಮೈಲಿಗೆಯ ಅಂಗಿ

ಹೆಂಡತಿ ರಂಗೂಬಾಯಿಯ ಕೆಮ್ಮಿಗೆ ಪುಣೆಯೇ ಕಾರಣವೆಂದು ಬಿಂದುಮಾಧವರಾಯರು ತೀರ್ಪು ಕೊಟ್ಟಾಗಿತ್ತು. ಮೊದಲು ಶಿವಾಜಿನಗರದ ಬಸ್ಸುಗಳ ಹೊಗೆ ಎಂದರು. ಮಗಳು ಸುರಭಿ ಹಿಂಜವಾಡಿಯಲ್ಲಿ ಮನೆ ಮಾಡಿ ಇಬ್ಬರನ್ನೂ ಕರೆಸಿಕೊಂಡ ಮೇಲೆ ಅಲ್ಲಿಯ ಸಿಮೆಂಟಿನ ಧೂಳು ಎಂದರು. ತಪ್ಪು ಯಾವಾಗಲೂ ಊರಿನದು. ನಲವತ್ತೆಂಟು ವರ್ಷದ ಸಂಸಾರದಲ್ಲಿ ರಾಯರದು ಅಂತ ಒಂದು ತಪ್ಪೂ ಇರಲಿಲ್ಲ, ಪಾಪ.

2004ರ ಆ ಸೋಮವಾರ ಆಸ್ಪತ್ರೆಯ ಅರ್ಜಿಯಲ್ಲೂ ಊರಿನ ಹೆಸರು ‘ಪುಣೆ’ ಎಂದು ದಪ್ಪಗೆ ಬರೆದಿದ್ದರು. ಇಂದೂ ಎಂಬ ಬೆಳಗಾವಿ ಕಡೆಯ ಡಾಕ್ಟರ್ ಅದನ್ನು ಓದಿ ತಲೆಯೆತ್ತಿದಳು.

“ಈಗಿನ ಊರು ಕಾರಣ ಅಲ್ರಿ ಕಾಕಾ. ಕಾಕೂಗ ಲಂಗ್ಸಿನ ಮ್ಯಾಲಿನ ಪದರಿನ ಕ್ಯಾನ್ಸರ್ ಆಗ್ಯದ. ಮೂವತ್ತು ನಲವತ್ತು ವರ್ಷದ ಹಿಂದ ಒಳಗ ಹೋದ ಧೂಳು ಇದು. ಆವಾಗ ಎಲ್ಲಿದ್ರಿ?”

“ಕಲ್ನಾರು ಗಣಿ ಕಾಲೊನ್ಯಾಗ, ಆಸ್ಬೆಸ್ಟಾಸ್ ತಗೀತಿದ್ರಲ್ರಿ, ಅಲ್ಲಿ. ಆದ್ರ ಗಣ್ಯಾಗ ದುಡದವ ನಾನ್ರಿ, ಅಕಿ ಅಲ್ಲ! ನಾನೂ ಬರೇ ಚೀಲ ತೂಗಿಸೋ ಕಾರಕೂನ.”

“ಕಾಕೂನ ಜೋಡಿ ತಗಿಸಿದ ನಿಮ್ಮ ಎಕ್ಸ್-ರೇ ಸ್ವಚ್ಛ ಅದ. ಆ ಗಣಿ ಕಡೆಯವರು ಪುಣೆದಾಗ ನನಗ ಸಿಕ್ಕದ್ದು ಇದು ಮೂರನೇ ಕೇಸು. ನಿಮ್ಮ ಅಂಗಿ ಯಾರು ಒಗೀತಿದ್ರು?”

ಪಕ್ಕದಲ್ಲೇ ಕೂತ ರಂಗೂಬಾಯಿಯನ್ನು ನೋಡಿ ರಾಯರಿಗೆ ಹುರುಪು ಬಂತು. ಹೆಂಡತಿಯ ಮಡಿಯನ್ನು ಆಡಿಕೊಳ್ಳುವುದೆಂದರೆ ಅವರಿಗೆ ಹಬ್ಬ. “ಕೆಲಸದಾಕಿ ಮುಟ್ಟೂ ಹಂಗಿಲ್ರಿ! ಮೈಲಿಗಿ ಅಂತ ಹಿತ್ತಲದಾಗ ಅಂಗಿ ಬಿಚ್ಚಸೂದು, ತಾನ ಫಟಾಫಟ್ ಝಾಡಸೂದು, ಧೂಳು ಹಿಂಗ ಮೋಡ...”

ಎತ್ತಿದ ಕೈ ಅಲ್ಲೇ ನಿಂತಿತು.

“ನೆನಸಿ ಒಗದಿದ್ರ ಅಷ್ಟು ಧೂಳು ಏಳ್ತಿದ್ದಿಲ್ಲ,” ಎಂದಳು ಇಂದೂ ಮೆಲ್ಲಗೆ. “ಆದ್ರ ಆವಾಗ ನಿಮಗ ಯಾರೂ ಹೇಳಲಿಲ್ಲ.”

ಮನೆಗೆ ಹೊರಟ ರಿಕ್ಷಾದಲ್ಲಿ ರಂಗೂಬಾಯಿಯೇ ಅವರನ್ನು ಕೆಣಕಿದಳು. “ಜನ್ಮಪೂರ್ತಿ ನನ್ನ ಮಡಿಗೆ ನಕ್ರಿ. ಆ ಧೂಳು ಮನ್ಯಾಗ ಬಂದಿದ್ರ ನೀವೂ ಸುರಭಿನೂ ನನ್ನಂಗ ಕೆಮ್ಮತಿದ್ರಿ. ಈಗರೆ ಶಾಣ್ಯಾಕಿ ಅನ್ರಿ ನನಗ.”

ರಾಯರಿಗೆ ಅಳು ಬಂತು. ಪುಣೆಯ ಹೊಗೆಗೆ ಕಣ್ಣುರಿ ಎಂದು ಸುಳ್ಳು ಹೇಳಿದರು.

ಮರುದಿನ ಬೆಳಿಗ್ಗೆ, ಹುಟ್ಟಿದಾರಭ್ಯ ಬಟ್ಟೆ ಒಗೆಯದ ರಾಯರು ಹೆಂಡತಿಯ ಸೀರೆ ಹಿಡಿದು ಬಚ್ಚಲಿಗೆ ನಡೆದರು. ಮುಟ್ಟಬ್ಯಾಡ್ರಿ ಎಂದು ಬೈಯುತ್ತಾಳೆಂದು ಕಾದರು. ಬೈಗುಳ ಬರಲಿಲ್ಲ.

“ಝಾಡಸಬ್ಯಾಡ್ರಿ ಮತ್ತ,” ಎಂದಳು ಒಳಗಿನಿಂದ. “ಮೊದ್ಲ ನೆನಸ್ರಿ.”

ರಾಯರು ಸೀರೆಯನ್ನು ಬಕೇಟಿನಲ್ಲಿ ಅದುಮಿ, ಅದು ಪೂರ್ತಿ ನೆನೆಯುವ ತನಕ ಕೈ ತೆಗೆಯಲಿಲ್ಲ.